ಅತ್ತೆಯ ಮಲ್ಲಿಗೆಗೆ ಸೀರೆ ಉಡಿಸಿದ ಮಾರ್ಗಳಿ

ನನ್ನ ಅತ್ತೆ ತೀರಿಕೊಂಡ ಮೂರನೆಯ ದಿನದಿಂದ ಊರಿನ ಹೆಂಗಸರು ನಮ್ಮ ಮನೆಗೆ ಬರತೊಡಗಿದರು. ದುಃಖ ಕೇಳಲು ಬಂದೆವು ಅಂದರು. ಹೊಸಲು ದಾಟುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಬರುವರು. ಕುಳಿತು ಎರಡು ಸುತ್ತು ಅತ್ತಾದ ಮೇಲೆ ನನ್ನ ಸೊಂಟದ ಕಡೆ ಕಣ್ಣು ಹಾಯಿಸುವರು, ಬೀಗದ ಕೈ ಅಲ್ಲಿಗೆ ಬಂದಿದೆಯೇ ಎಂದು ನೋಡಲಿಕ್ಕೆ. ಒಬ್ಬಳಂತೂ ಎದ್ದು ಹೋಗುವಾಗ ನನ್ನ ಕಿವಿಗೆ ಬಾಗಿ, "ಪಾವಂ ಅಮ್ಮಣೀ, ಹದಿನಾಲ್ಕು ವರ್ಷ ಅವಳ ಬಾಯಿಗೆ ಸಿಕ್ಕಿ ಬೆಂದೆ. ಇನ್ನು ನಿನಗೆ ಒಳ್ಳೆ ಕಾಲ," ಅಂದಳು.

ನಾನು ಅವಳನ್ನು ಹೊಸಲವರೆಗೆ ಕಳಿಸಿ ಬಂದೆ. ಹೇಳುವುದಿದ್ದರೆ ಇಷ್ಟೇ ಇತ್ತು: ನನ್ನನ್ನು ಬೈದ ಆ ಬಾಯಿ ಈ ಕಣಿವೆಯಲ್ಲಿ ಬುದ್ಧಿಯಿದ್ದ ಒಂದೇ ಬಾಯಿ. ಆದರೆ ಸೊಸೆಯೊಬ್ಬಳು ಅತ್ತೆಗಾಗಿ ನಿಜವಾಗಿ ಅಳುತ್ತಾಳೆ ಎಂದು ಅವರಿಗೆ ತಿಳಿಸುವುದು ಹೇಗೆ? ಕೆಪ್ಪನಿಗೆ ತಂಬೂರಿ ನುಡಿಸಿದ ಹಾಗೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಜನ ಮನೆಯೊಳಗೆ ಕನ್ನಡ ಆಡುತ್ತಾರೆ, ಬೀದಿಗಿಳಿದರೆ ತಮಿಳು. ಓದು ಬರಹ ಬಲ್ಲ ನಾಲ್ಕಾರು ಗಂಡಸರೂ ತಮಿಳಿನಲ್ಲೇ ಬರೆಯುತ್ತಾರೆ. ನನ್ನ ತಾತ ದಿಂಡಿಗಲ್ಲಿನಲ್ಲಿ ಹೊಗೆಸೊಪ್ಪಿನ ಮಂಡಿ ಇಟ್ಟಿದ್ದರು. ಮೈಸೂರು ಕಡೆಯ ವ್ಯಾಪಾರಿಗಳ ಕಾಗದ ಓದಲು ಅವರು ಕಲಿತ ಅಕ್ಷರವನ್ನು ನನಗೂ ಮರಳಿನ ಮೇಲೆ ತಿದ್ದಿಸಿದರು. ಅತ್ತೆಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದುದು ಗಿಡ.

ನಮ್ಮ ಊರು ಕಂಬಂ ಕಡೆಯಿಂದ ತೇನಿಗೆ ಹೋಗುವ ಗಾಡಿದಾರಿಯ ಪಕ್ಕದಲ್ಲಿದೆ. ಮನೆಯ ಹಿತ್ತಿಲಲ್ಲಿ ಬಾವಿ, ಬಾವಿಯಿಂದ ಗೋಡೆಯವರೆಗೆ ಒಂದೇ ಸಾಲಿನಲ್ಲಿ ಒಂಬತ್ತು ದುಂಡು ಮಲ್ಲಿಗೆಯ ಗಿಡ. ಆಚೆ ಕಡೆ ಕಣಗಿಲೆ, ನಂದಿಬಟ್ಟಲು, ಕೆಂಪು ದಾಸವಾಳ. ಅವುಗಳಿಗೆ ಅತ್ತೆ ಹೆಚ್ಚು ಬೆಲೆ ಕೊಡುತ್ತಿರಲಿಲ್ಲ. "ಅವು ತಾನಾಗೇ ಬಿಡೋ ಹೂವು. ಮೂದೇವಿ ಮನೇಲೂ ಬಿಡ್ತವೆ," ಅನ್ನುವಳು. ಮಲ್ಲಿಗೆ ಹಾಗಲ್ಲ. ಮಲ್ಲಿಗೆಗೆ ಕೈ ಬೇಕು. ಕಾರ್ತಿಕ ಹುಟ್ಟುತ್ತಲೇ ನೀರು ನಿಲ್ಲಿಸಬೇಕು. ಎಲೆ ಹಳದಿಯಾಗಿ ಗಿಡ ಸೊರಗಬೇಕು. ಮಾರ್ಗಳಿಯಲ್ಲಿ, ಅಂದರೆ ಧನುರ್ಮಾಸದ ಚಳಿಯಲ್ಲಿ, ಕೊಂಬೆಗಳನ್ನೆಲ್ಲ ಹಗ್ಗದಲ್ಲಿ ಒಟ್ಟಿಗೆ ಬಿಗಿದು ಮೊಳಕಾಲೆತ್ತರಕ್ಕೆ ಕೊಯ್ಯಬೇಕು. ಒಣಕಡ್ಡಿ ತೆಗೆದು, ಉಳಿದ ಎಲೆ ಉದುರಿಸಿ, ಬುಡದ ಮಣ್ಣು ಬಿಡಿಸಿ ನಾಲ್ಕು ದಿನ ಬಿಸಿಲು ತೋರಿಸಿ, ಆಮೇಲೆ ಆಡಿನ ಗೊಬ್ಬರ ಹಾಕಿ ನೀರು ಕೊಡಬೇಕು. ಆಗ ಮೂರು ತಿಂಗಳಾಚೆ ಪಂಗುಣಿಯಲ್ಲಿ, ಬೇಸಗೆ ಏರುವಾಗ, ಎಲೆ ಕಾಣದ ಹಾಗೆ ಮೊಗ್ಗು.

ಮದುವೆಯಾಗಿ ಬಂದ ವರ್ಷ ನನಗೆ ಹದಿನೈದು. ಮಾರ್ಗಳಿಯ ಒಂದು ಬೆಳಗ್ಗೆ ಕೈಗೆ ಕತ್ತಿ ಕೊಟ್ಟು, "ಕೊಯ್ಯಿ," ಅಂದಳು. ಹಸಿರು ಇನ್ನೂ ಇದ್ದ ಕೊಂಬೆ. ಕತ್ತಿಯನ್ನು ಹತ್ತಿರ ತಂದು ಹಿಂದಕ್ಕೆ ತೆಗೆದೆ.

"ಏನು, ಅದಕ್ಕೆ ನೋವಾಗುತ್ತೆ ಅಂತಾನಾ?"

"ಹಸಿಯಾಗಿದೆ ಅತ್ತೆ."

"ನಿನ್ನ ಉಗುರೂ ಹಸಿಯಾಗೇ ಇದೆ. ಕತ್ತರಿಸುವಾಗ ಅಳ್ತೀಯಾ? ಹಳೆ ಕಡ್ಡೀಲಿ ಹೂವು ಬರಲ್ಲ ಕೂಸೇ. ಹಳೇದನ್ನೇ ಕಟ್ಟಿಕೊಂಡು ಕೂತವಳಿಗೆ ಎಲೆ ಸಿಗುತ್ತೆ, ಸೊಪ್ಪಿನ ಸಾರು ಮಾಡ್ಕೊಂಡು ಉಣ್ಣು."

ಕೊಯ್ದೆ. ಸೊಟ್ಟಗೆ ಕೊಯ್ದೆ ಅಂತ ಬೈದಳು. ಮರುವರ್ಷ ಎತ್ತರವಾಯಿತು ಅಂತ ಬೈದಳು. ಅದರ ಮರುವರ್ಷ, ಚಿಗುರೊಡೆಯುವ ಕಣ್ಣಿನ ಮೇಲೆ ಓರೆಯಾಗಿ, ಮೊಗ್ಗು ಹೊರಮುಖವಾಗುವ ಹಾಗೆ ಕೊಯ್ದಾಗ, ಒಂದೂ ಮಾತಾಡದೆ ಮುಂದಿನ ಗಿಡಕ್ಕೆ ಹೋದಳು. ನನ್ನ ಇಡೀ ಜೀವಮಾನದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೇ. ಬೇರೆಯವರ ಹಿತ್ತಿಲ ಮುಂದೆ ಹಾಯುವಾಗ ಅವಳು ನಿಲ್ಲುವಳು. ಆಳೆತ್ತರ ಬೆಳೆದು ಗೋಡೆಗೆ ಒರಗಿದ ಗಿಡಗಳನ್ನು ನೋಡಿ, "ಸನ್ಯಾಸಿ ಜಡೆ," ಎಂದು ಉಗುಳಿ ಮುಂದೆ ಹೋಗುವಳು. ಆ ಮನೆಯವಳು ಬಾಗಿಲಲ್ಲೇ ನಿಂತಿದ್ದರೂ ಸರಿಯೇ. ಹೀಗಾಗಿ ಊರಲ್ಲಿ ಅವಳನ್ನು ಇಷ್ಟಪಟ್ಟವರು ಕಡಮೆ.

ಮಾವ ಹೋಗಿ ಎಂಟು ವರ್ಷವಾಗಿತ್ತು. ಆ ಎಂಟು ವರ್ಷ ಅವಳು ಒಂದು ಮೊಗ್ಗನ್ನೂ ಮುಡಿಯಲಿಲ್ಲ, ಬೆಳೆದದ್ದು ಮಾತ್ರ ಒಂಬತ್ತು ಗಿಡ. ಬೆಳಗ್ಗೆ ಹೊಲಕ್ಕೆ ಹೋಗುವ ಹೆಂಗಸರು ಅವಳು ಎದುರಾದರೆ ಮುಖ ತಿರುಗಿಸಿ, ಒಂದು ಕ್ಷಣ ನಿಂತು, ದಾರಿ ಬಿಟ್ಟು ಹೋಗುವರು. ಮುಂಡೆಯ ಮುಖ ನೋಡಿದರೆ ಕೆಲಸ ಕೆಡುತ್ತದಂತೆ. ಸಂಜೆ ಅದೇ ಹೆಂಗಸರು ಹಿತ್ತಿಲ ಬಾಗಿಲಲ್ಲಿ ಬಂದು, "ದೊಡ್ಡಮ್ಮಾ, ಒಂದು ಮೊಳ ಹೂವು," ಎಂದು ಹಲ್ಲು ಬಿಡುವರು. ಅತ್ತೆ ಕೊಡುವಳು. ಕೊಟ್ಟು, "ಬೆಳಗ್ಗೆ ಮುಖ ತಿರುಗಿಸಿದ್ದಕ್ಕೆ ಕುತ್ತಿಗೆ ನೋವಿಲ್ಲ ತಾನೆ?" ಎಂದು ಕೇಳುವಳು.

ಇನ್ನು ನೀರಿನ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನಾನು ಬಂದ ಕಾಲಕ್ಕೆ ಈ ಕಣಿವೆಯಲ್ಲಿ ನೀರೆಂದರೆ ಬಾವಿ, ಕಪಿಲೆ, ಎತ್ತು. ಕಪಿಲೆಯ ಒಂದೊಂದು ಚರ್ಮದ ಬಾನೆಯ ನೀರು ಎಲ್ಲಿಗೆ ಹೋಯಿತು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಆಮೇಲೆ ಬಿಳಿ ದೊರೆಗಳು ಬೆಟ್ಟವನ್ನು ಕೊರೆದು, ಪಡುವಣ ಕಡೆ ಹರಿಯುವ ಹೊಳೆಯನ್ನು ನಮ್ಮ ಕಡೆಗೆ ತಿರುಗಿಸಿದರು. ನೀರು ಬಂದ ದಿನ ಗಂಡಸರು ಕಾಲುವೆಯಲ್ಲಿ ಇಳಿದು ಕುಣಿದರು. ಅಲ್ಲಿಂದಾಚೆಗೆ ನಮ್ಮ ಜನಕ್ಕೆ ಒಂದು ಅಮಲು ಹತ್ತಿತು. ಕಳ್ಳು ಕುಡಿದವನು ಮಧ್ಯಾಹ್ನಕ್ಕಾದರೂ ಇಳಿಯುತ್ತಾನೆ, ಈ ನೀರಿನ ಅಮಲು ಇಳಿಯಲಿಲ್ಲ. ಜೋಳದ ಹೊಲಕ್ಕೆ ನೀರು, ಹುಣಿಸೆ ಮರಕ್ಕೆ ನೀರು, ಕಳ್ಳಿ ಬೇಲಿಗೂ ನೀರು. ನೂರು ವರ್ಷ ಬಾಯಾರಿದ್ದವರಿಗೆ ಬಾಯಾರಿಕೆಯಿಂದಲೂ ಬೆಳೆ ಬರುತ್ತದೆ ಎಂಬುದು ಮೂರು ತಿಂಗಳಲ್ಲಿ ಮರೆತುಹೋಯಿತು. ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಹೊಲದ ಕಾಲುವೆಯಿಂದ ಹಿತ್ತಿಲಿಗೆ ಒಂದು ಸಣ್ಣ ತೋಡು ಕಡಿದು ತಂದ. ಅತ್ತೆ ಅದರ ಬಾಯಿಗೆ ಒಂದು ಕಲ್ಲುಚಪ್ಪಡಿ ಅಡ್ಡ ಇಟ್ಟು, ಅದರ ಮೇಲೆ ತಾನೇ ಕುಳಿತಳು. "ನಿನ್ನ ಹೊಳೆ ನಿನ್ನ ಗದ್ದೇಲಿ ಇಟ್ಕೊ," ಅಂದಳು.

ನೀರಿನ ಹಿಂದೆಯೇ ಚಳಿಜ್ವರವೂ ಬಂತು. ಮರುವರ್ಷದ ಕಾರ್ತಿಕದಲ್ಲಿ ಅತ್ತೆ ಮಲಗಿದಳು. ಮಲ್ಲಿಗೆಗೆ ನೀರು ನಿಲ್ಲಿಸಿ ಹತ್ತು ದಿನವಾಗಿತ್ತು. ಮೂರು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ನಡುಕದ ನಡುವೆ ನನ್ನನ್ನು ಕರೆದಳು.

"ಇನ್ನು ಇಪ್ಪತ್ತು ದಿನ ತೊಟ್ಟು ನೀರೂ ಬೇಡ. ಮಾರ್ಗಳಿ ಹುಣ್ಣಿಮೆಯೊಳಗೆ ಕೊಯ್ದುಬಿಡು. ಹೋದ ವರ್ಷ ನಾನು ಕೈ ನೋವು ಅಂತ ಎತ್ತರಕ್ಕೆ ಬಿಟ್ಟೆ. ಈ ವರ್ಷವೂ ಬಿಟ್ಟರೆ ಬರೀ ಕಟ್ಟಿಗೆ."

"ನೀವೇ ಎದ್ದು ಕೊಯ್ತೀರಿ ಅತ್ತೆ."

"ಸುಳ್ಳು ಹೇಳಬೇಡ. ಅದಕ್ಕೆ ಈ ಮನೇಲಿ ಬೇರೆ ಬಾಯಿಗಳಿವೆ."

ಎರಡು ದಿನದ ಮೇಲೆ ಹೋದಳು.

ನಮ್ಮವರಲ್ಲಿ ಎರಡು ಪದ್ಧತಿಗಳಿವೆ. ಒಂದು, ಸತ್ತವರು ತಮ್ಮ ಕೈಯಾರೆ ನೆಟ್ಟ ಗಿಡಕ್ಕೆ ವರ್ಷ ತುಂಬುವವರೆಗೆ ಕಬ್ಬಿಣ ಮುಟ್ಟಿಸಬಾರದು, ಅವರ ಜೀವ ಅಷ್ಟು ದಿನ ಅದರಲ್ಲೇ ಇರುತ್ತದಂತೆ. ಎರಡು, ದುಃಖ ಕೇಳಲು ಬಂದವರು ಆ ಗಿಡದ ಬುಡಕ್ಕೆ ನೀರು ಬಿಟ್ಟು, "ತಣ್ಣಗಿರು," ಎಂದು ಹೇಳಿ ಹೋಗಬೇಕು. ಮೊದಲನೆಯದರ ಬಗ್ಗೆ ನನಗಿದ್ದ ಅನುಮಾನ ಹಳೆಯದು. ಮಾವ ಸತ್ತ ವರ್ಷ ಅವರು ಬಿತ್ತಿದ ಜೋಳವನ್ನು ಸಾವಾದ ಹದಿನೈದು ದಿನಕ್ಕೇ ಮನೆಯವರು ಕುಡುಗೋಲಿನಲ್ಲಿ ಕೊಯ್ದು ತಂದು ಅಂಬಲಿ ಮಾಡಿ ಕುಡಿದರು. ಅದು ಕಬ್ಬಿಣವಲ್ಲವೇ? ಹೊಟ್ಟೆಗೆ ಬೇಕಾದ ಗಿಡದಲ್ಲಿ ಸತ್ತವರು ಇರುವುದಿಲ್ಲ, ಹೆಂಗಸು ನೋಡಿಕೊಂಡ ಗಿಡದಲ್ಲಿ ಮಾತ್ರ ಇರುತ್ತಾರೆ. ಎರಡನೆಯ ಪದ್ಧತಿ ಹಿಂದೆ ಯಾರಿಗೂ ಕೆಡುಕು ಮಾಡಿರಲಿಲ್ಲ. ನೀರಿಲ್ಲದ ಕಾಲದಲ್ಲಿ ಹಿರಿಯರು ಬೊಗಸೆಯಲ್ಲಿ ನಾಲ್ಕು ಹನಿ ಬಿಡುತ್ತಿದ್ದರು, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಈಗ ಕಾಲುವೆ ಬಂದಿತ್ತು. ಬೊಗಸೆ ಹೋಗಿ ಬಿಂದಿಗೆ ಬಂತು.

ಒಬ್ಬೊಬ್ಬಳೂ ತುಂಬಿದ ಬಿಂದಿಗೆ ತಂದಳು. ಬದುಕಿದ್ದಾಗ ಅವಳಿಗೆ ಒಂದು ಲೋಟ ಮಜ್ಜಿಗೆ ಕೊಡದವಳು ಎರಡು ಬಿಂದಿಗೆ ತಂದಳು. ಭಾವ ಚಪ್ಪಡಿ ಎತ್ತಿ ಪಕ್ಕಕ್ಕಿಟ್ಟ. "ಅಮ್ಮನ ಗಿಡ ಬಾಯಾರಬಾರದು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳು ಮಲಗಿದ್ದಾಗ ನೀರು ಕೇಳಿದರೆ, ಯಾರಾದರೂ ಕೊಡಿ ಎಂದು ಜಗಲಿಯಿಂದಲೇ ಕೂಗುತ್ತಿದ್ದವನು ಇವನೇ. ನಾನು ಆಗಲೇ ಚಪ್ಪಡಿಯನ್ನು ಮತ್ತೆ ಇಡಬೇಕಿತ್ತು. ಇಡಲಿಲ್ಲ. ಹನ್ನೆರಡು ದಿನ ಮೂಲೆಯಲ್ಲಿ ಕುಳಿತು ಅಳುತ್ತಿದ್ದೆ, ಬಿಂದಿಗೆಗಳ ಸದ್ದು ಕೇಳುತ್ತಲೇ ಅಳುತ್ತಿದ್ದೆ. ಆ ಹನ್ನೆರಡು ದಿನದ ಅಳುವಿಗಾಗಿ ಬೇರೆ ಯಾರನ್ನು ಕಂಡು ಹೇಸುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಂಡು ಹೇಸುತ್ತೇನೆ. ದುಃಖ ಎಂಬುದು ಸೋಮಾರಿಗಳಿಗೆ ಬಹಳ ಅನುಕೂಲದ ವಸ್ತು.

ಎದ್ದು ಹೋಗಿ ನೋಡಿದಾಗ ಹಳದಿಯಾಗಬೇಕಿದ್ದ ಎಲೆ ಹಸಿರಾಗಿ ಮಿನುಗುತ್ತಿತ್ತು. ತೋಡು ಒಳಬರುವ ಕಡೆಯ ಮೊದಲ ಗಿಡದ ಸುತ್ತ ಕೆಸರು, ಕೆಸರಲ್ಲಿ ಕಪ್ಪೆ.

ಓರಗಿತ್ತಿಯ ಬಗ್ಗೆ ಈಗ ಹೇಳುತ್ತೇನೆ. ಭಾವನ ಹೆಂಡತಿ, ನನಗಿಂತ ಆರು ವರ್ಷ ಹಿರಿಯಳು. ಒಂದೇ ಮನೆಯ ಎರಡು ಪಾಲಿನಲ್ಲಿ ನಮ್ಮ ಒಲೆಗಳು ಬೇರೆ, ಹಿತ್ತಿಲು ಬಾವಿ ಎರಡಕ್ಕೂ ಒಂದೇ. ಇಪ್ಪತ್ತು ವರ್ಷದಲ್ಲಿ ಅವಳು ಆ ಗಿಡಗಳಿಂದ ಮೊಗ್ಗು ಕಿತ್ತಿದ್ದುಂಟು, ಒಂದು ಒಣ ಎಲೆ ಕಿತ್ತಿದ್ದಿಲ್ಲ. ಅತ್ತೆಗೂ ಅವಳಿಗೂ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಅತ್ತೆ ಸತ್ತ ಮೇಲೆ ಅವಳಿಗೆ ಅತ್ತೆಯ ಮೇಲೆ ಅಪಾರ ಪ್ರೀತಿ ಹುಟ್ಟಿತು. ಸತ್ತವರಲ್ಲಿ ಅದೊಂದು ಗುಣ, ಎದುರು ಮಾತಾಡುವುದಿಲ್ಲ.

ಮಾರ್ಗಳಿ ಹುಟ್ಟಿ ನಾಲ್ಕೈದು ದಿನವಾಗಿರಬೇಕು. ಹುಣ್ಣಿಮೆಗೆ ಇನ್ನೂ ಹತ್ತು ದಿನ. ಬೆಳಗ್ಗೆ ಹಿತ್ತಿಲಿಂದ ಕಿರಿಚಿದ ಸದ್ದು ಕೇಳಿ ಓಡಿದೆ. ಓರಗಿತ್ತಿ ಮೊದಲ ಗಿಡದ ಮುಂದೆ ಕೆಸರಲ್ಲಿ ಮೊಳಕಾಲೂರಿ ಕುಳಿತಿದ್ದಳು. ಗಿಡದ ತುದಿಯಲ್ಲಿ ಒಂದು ಹೂವು. ಒಂದೇ ಒಂದು, ಅದೂ ಚಳಿಗೆ ಸುಕ್ಕಿದ್ದು.

"ನೋಡೇ! ಅಮ್ಮ ಬಂದಳು! ಮಾರ್ಗಳೀಲಿ ಮಲ್ಲಿಗೆ ಎಲ್ಲಾದರೂ ಉಂಟಾ? ನನಗಾಗಿ ಬಂದವಳೆ!"

"ಅಕ್ಕಾ, ನೀರು ನಿಲ್ಲಿಸದೆ ಹೋದರೆ ಹೀಗೆ ಅಲ್ಲೊಂದು ಇಲ್ಲೊಂದು ಬಿಡುತ್ತೆ. ಗಿಡ ನಿದ್ದೆಗೆಟ್ಟಿದೆ, ಅಷ್ಟೇ."

"ನಿನಗೆ ಹೊಟ್ಟೆಕಿಚ್ಚು. ನಿನ್ನ ಹತ್ತಿರ ಬರಲಿಲ್ಲ ಅಂತ."

ನಿಜ ಹೇಳಿದರೆ ಇತ್ತು, ಒಂದು ಗಳಿಗೆ. ಹೂವು ಬಿಡುವುದೇ ಬರುವುದಾದರೆ ನನ್ನ ಬಳಿಗೇ ಏಕೆ ಬರಬಾರದು ಎಂದು ನಾನೂ ಅಂದುಕೊಂಡೆ. ಆಮೇಲೆ ನಾಚಿಕೆಯಾಯಿತು. ಆ ಹೂವನ್ನು ಅತ್ತೆ ಕಂಡಿದ್ದರೆ ಉಗುರಲ್ಲಿ ಚಿವುಟಿ ಎಸೆದು, ಯಾರು ನೀರು ಬಿಟ್ಟಿದ್ದು ಎಂದು ಮನೆಯನ್ನೆಲ್ಲ ಹಿಡಿದು ಅಲ್ಲಾಡಿಸುತ್ತಿದ್ದಳು. ತಪ್ಪು ಕೆಲಸದ ಗುರುತದು. ಅದನ್ನೇ ಇವರು ಪವಾಡ ಮಾಡಿದರು.

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಸಂಜೆಗೆ ಓರಗಿತ್ತಿ ಗಿಡಕ್ಕೆ ಹಳದಿ ಸೀರೆ ಸುತ್ತಿದಳು. ಬುಡಕ್ಕೆ ಅರಿಸಿನ, ಒಂದು ಕಲ್ಲಿಗೆ ಕುಂಕುಮ, ದೀಪ. "ಮುತ್ತೈದೆಯಾಗಿ ಬಂದವಳೆ ಅಮ್ಮ," ಎಂದು ಎಲ್ಲರಿಗೂ ಹೇಳಿದಳು. ಎಂಟು ವರ್ಷ ಯಾರಿಗೆ ಅರಿಸಿನ ತಾಕಿಸಲಿಲ್ಲವೋ, ಯಾರ ಮುಖ ಕಂಡರೆ ಹೊಲದ ಕೆಲಸ ಕೆಡುತ್ತಿತ್ತೋ, ಅವಳು ಗಿಡವಾದ ಮೇಲೆ ಹೆಂಗಸರೆಲ್ಲ ಬೆಳಗ್ಗೆ ಎದ್ದವರೇ ಅವಳ ದರ್ಶನಕ್ಕೆ ಬಂದರು. ಬಂದವರೆಲ್ಲ ಬಿಂದಿಗೆ ತಂದರು. ಹೂವು ಮೂರನೆಯ ದಿನಕ್ಕೆ ಉದುರಿತು. ಸೀರೆ ಉಳಿಯಿತು.

ನನ್ನ ಗಂಡನಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಯಾವ ಮಾತಿಗೂ ಎದುರು ನಿಲ್ಲದೆ ಇರುವುದನ್ನೇ ಒಳ್ಳೆಯತನ ಎಂದು ನಂಬಿದವರು.

"ಹುಣ್ಣಿಮೆಯೊಳಗೆ ಕೊಯ್ಯದಿದ್ದರೆ ಒಂಬತ್ತೂ ಹೋಗ್ತವೆ."

"ಹೋದರೆ ಬೇರೆ ನೆಟ್ಟರಾಯಿತು."

"ನಿಮ್ಮಮ್ಮ ನೆಟ್ಟದ್ದು."

"ಅದಕ್ಕೇ ಅಲ್ಲವೇ ಕೊಯ್ಯಬಾರದು ಅಂತಿರೋದು?"

ಅವರು ಇದನ್ನು ಜಾಣತನದಿಂದ ಹೇಳಲಿಲ್ಲ. ನಿಜವಾಗಿ ಹಾಗೆಯೇ ಅಂದುಕೊಂಡಿದ್ದರು. ನಾನು ಎದ್ದು ಚಪ್ಪಡಿಯನ್ನು ಎಳೆದು ತೋಡಿನ ಬಾಯಿಗೆ ಇಟ್ಟೆ. ಬೆಳಗ್ಗೆ ನೋಡಿದರೆ ಮತ್ತೆ ಪಕ್ಕಕ್ಕಿತ್ತು. ಮತ್ತೆ ಇಟ್ಟೆ. ಹೀಗೆ ಮೂರು ದಿನ ನಾನೂ ಭಾವನೂ ಒಬ್ಬರನ್ನೊಬ್ಬರು ನೋಡದೆ ಒಂದು ಕಲ್ಲಿನ ಜೊತೆ ಆಟವಾಡಿದೆವು.

ಕೊಯ್ಯಲು ಕತ್ತಿಯೂ ಇರಲಿಲ್ಲ. ಅತ್ತೆಯ ಕತ್ತಿಯನ್ನು ದಿಂಡಿಗಲ್ಲಿನಲ್ಲಿ ಬೀಗ ಮಾಡುವ ಕಮ್ಮಾರನೊಬ್ಬ ಮಾಡಿಕೊಟ್ಟಿದ್ದ, ಬೆರಳಿನಷ್ಟು ಅಗಲ, ತುದಿ ಒಳಕ್ಕೆ ಬಾಗಿದ್ದು. ಹನ್ನೊಂದನೆಯ ದಿನ ಸತ್ತವಳ ಸಾಮಾನು ಹಂಚಿದಾಗ ಅದು ತೇವಾರಂ ಊರಿಗೆ ಹೋಗಿತ್ತು, ಅತ್ತೆಯ ತಂಗಿಯ ಪಾಲಿಗೆ. ಮನೆಯಲ್ಲಿದ್ದ ಕುಡುಗೋಲು ಮಲ್ಲಿಗೆಯ ಕಡ್ಡಿಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಸೀಳಿದ ಕಡೆ ನೀರು ನಿಂತು ಒಳಗೇ ಒಣಗುತ್ತದೆ. ನಾನು ಕಾದೆ. ಆ ತಂಗಿ, ನಮ್ಮ ಚಿಕ್ಕತ್ತೆ, ತಿಂಗಳ ತಿಥಿಗೆ ಬರುವುದಿತ್ತು.

ಹುಣ್ಣಿಮೆಗೆ ಎರಡು ದಿನ ಇರುವಾಗ ಬಂದಳು. ಗಾಡಿಯಿಂದ ಇಳಿದವಳೇ ಹಿತ್ತಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಸೀರೆಯುಟ್ಟ ಗಿಡವನ್ನು ನೋಡಿದಳು. ಓರಗಿತ್ತಿ ಹೂವಿನ ಕತೆಯನ್ನು ಕಣ್ಣೀರಿನ ಜೊತೆ ಹೇಳಿದಳು.

"ನನ್ನಕ್ಕ ಬಂದು ಹೂವು ಕೊಟ್ಟಳಾ?" ಅಂದಳು ಚಿಕ್ಕತ್ತೆ. "ನಲವತ್ತು ವರ್ಷದಲ್ಲಿ ನನಗೆ ಒಂದು ಮೊಳ ಕೊಟ್ಟವಳಲ್ಲ. ಸತ್ತ ಮೇಲೆ ಕೈ ಬಿಚ್ಚಿದಳೇನು?"

"ಹಾಗನ್ನಬೇಡಿ ಚಿಕ್ಕಮ್ಮಾ, ದೇವರಾದವಳೆ."

"ಆಗಲಿ ತಾಯೀ. ದೇವರಿಗೆ ಇಷ್ಟು ಕೆಸರು ಯಾಕೆ? ಎಮ್ಮೆಗಾದರೆ ಬೇಕು."

ಅವಳ ಸೊಂಟದಲ್ಲಿ ಕತ್ತಿ ಇತ್ತು. ಊಟಕ್ಕೆ ಮುಂಚೆ ಅದನ್ನು ತೆಗೆದು ಹುಣಿಸೆಹಣ್ಣಿನ ಬೀಜ ಕೀಳುತ್ತ ಕುಳಿತಳು. ಕತ್ತಿಯ ಬಾಯಿ ಅಲ್ಲಲ್ಲಿ ಮುಕ್ಕಾಗಿತ್ತು. ಇವಳೂ ಬೇರೆಯವರಿಗಿಂತ ಮೇಲೇನೂ ಅಲ್ಲ, ನಾಲಿಗೆ ಮಾತ್ರ ಅಕ್ಕನದು, ಕೈ ಯಾರದೋ. ಆದರೂ ಕೇಳಿದೆ. ಒಂದು ದಿನದ ಮಟ್ಟಿಗೆ.

"ಕೊಟ್ಟರೆ ನನಗೇನು?"

"ಪಂಗುಣೀಲಿ ಮೊದಲು ಬಿಡಿಸಿದ ಹೂವೆಲ್ಲ ನಿಮಗೆ."

"ಎಲ್ಲಾನೂ?"

"ಎಲ್ಲಾನೂ."

ಅವಳು ಕತ್ತಿಯನ್ನು ಸೆರಗಿನಲ್ಲಿ ಒರಸಿ ಕೊಟ್ಟಳು. ಅಕ್ಕನ ಗಿಡಕ್ಕೆ ಕಬ್ಬಿಣ ಮುಟ್ಟಿಸುವ ಪಾಪದ ಬೆಲೆ ತೇವಾರಂನಲ್ಲಿ ಒಂದು ಬುಟ್ಟಿ ಹೂವು. ಮಧ್ಯಾಹ್ನವೆಲ್ಲ ಕಲ್ಲಿನ ಮೇಲೆ ಕತ್ತಿ ಮಸೆದೆ.

ಮರುದಿನ ಬಿಸಿಲೇರಿ ಇಬ್ಬನಿ ಆರಿದ ಮೇಲೆ ಹಿತ್ತಿಲಿಗೆ ಹೋದೆ. ಯಾರೂ ಇಲ್ಲದ ಹೊತ್ತು ನೋಡಿ ಮಾಡಬಹುದಿತ್ತು. ಆದರೆ ಇಬ್ಬನಿಯಲ್ಲಿ ಕೊಯ್ಯಬಾರದು, ಸಂಜೆಯಲ್ಲೂ ಕೊಯ್ಯಬಾರದು, ಕೊಯ್ದ ಬಾಯಿ ಅದೇ ದಿನ ಬಿಸಿಲಿಗೆ ಆರಬೇಕು. ಅದಕ್ಕೆ ಸರಿಯಾದ ಹೊತ್ತಿನಲ್ಲಿ ಹೆಂಗಸರು ಏಳೆಂಟು ಜನ ಇದ್ದರು. ನಾನು ಗಿಡದ ಸೀರೆ ಬಿಚ್ಚಿ ಮಡಿಸಿ ಬಾವಿಕಟ್ಟೆಯ ಮೇಲಿಟ್ಟೆ. ಕೊಂಬೆಗಳನ್ನು ಹಗ್ಗದಿಂದ ಬಿಗಿದೆ.

"ಅಮ್ಮನ ಮೈಗೆ ಕತ್ತಿ ಇಕ್ತೀಯಾ!" ಓರಗಿತ್ತಿ ಕೂಗಿದಳು. "ಬದುಕಿದ್ದಾಗ ಬೈದಳು ಅಂತ ಈಗ ತೀರಿಸಿಕೊಳ್ತೀಯಾ?"

"ಅಕ್ಕಾ, ಅತ್ತೆ ಈ ಗಿಡದಲ್ಲಿ ಇದ್ದಿದ್ದರೆ ನೀನು ಮೊದಲನೇ ಬಿಂದಿಗೆ ತಂದ ದಿನವೇ ಆ ಬಿಂದಿಗೆ ಕಿತ್ಕೊಂಡು ನಿನ್ನ ತಲೆ ಮೇಲೆ ಸುರೀತಿದ್ದಳು."

ಒಬ್ಬ ಮುದುಕಿ ನಕ್ಕಳು, ಆಮೇಲೆ ಕೆನ್ನೆ ಬಡಿದುಕೊಂಡಳು. ನನ್ನ ಗಂಡ ಬಾಗಿಲಿಗೆ ಬಂದರು. "ಊರು ಏನನ್ನುತ್ತೆ," ಅಂದರು. ನಾನು ಹಗ್ಗದ ಗಂಟು ಎಳೆದು ನೋಡಿದೆ. ಆಮೇಲೆ ಅವರಿಗೆ ಗದ್ದೆಯಲ್ಲಿ ಕೆಲಸ ನೆನಪಾಯಿತು.

ಮೊದಲ ಕೊಂಬೆ ಕೊಯ್ದಾಗಲೇ ತಿಳಿಯಿತು. ಜೀವವಿದ್ದ ಕಡ್ಡಿ ಒಳಗೆ ಬೆಳ್ಳಗೆ ಹಸಿಯಾಗಿರುತ್ತದೆ. ಇದು ಕಂದು. ಇನ್ನೂ ಕೆಳಗೆ ಕೊಯ್ದೆ, ಕಂದು. ಮಣ್ಣಿನ ಹತ್ತಿರಕ್ಕೆ ಕೊಯ್ದೆ, ಅಲ್ಲೂ ಕಂದು. ಬುಡದ ಮಣ್ಣು ಕೆದಕಿದರೆ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂತು, ಕೊಳೆತ ವಾಸನೆ. ಮೇಲಿನ ಎಲೆ ಮಾತ್ರ ಹಸಿರು, ಸುದ್ದಿ ಇನ್ನೂ ಅಲ್ಲಿಯವರೆಗೆ ಹೋಗಿರಲಿಲ್ಲ. ಪಕ್ಕದ ಗಿಡವೂ ಹಾಗೆಯೇ. ಎರಡು ಹೋದವು. ಅವು ತೋಡಿನ ಬಾಯಿಗೆ ಹತ್ತಿರ ಇದ್ದವು, ಬಿಂದಿಗೆಗಳೂ ಅವಕ್ಕೇ ಹೆಚ್ಚು ಬಿದ್ದಿದ್ದವು. ಪೂಜೆ ಮುಟ್ಟದಷ್ಟು ದೂರದ ಏಳು ಉಳಿದಿದ್ದವು. ಅವನ್ನು ಒಂದೊಂದಾಗಿ ಕೊಯ್ದೆ. ಕಣ್ಣಿನ ಮೇಲೆ, ಓರೆಯಾಗಿ, ಹೊರಮುಖಕ್ಕೆ. ಕತ್ತಿಯನ್ನು ಒಮ್ಮೆಯೂ ಹಿಂದಕ್ಕೆ ತೆಗೆಯಲಿಲ್ಲ. ಅತ್ತೆ ಸತ್ತು ಮೂವತ್ತು ದಿನದಲ್ಲಿ ನಾನು ಮೊದಲ ಸಲ ಅವಳ ಜೊತೆಯಲ್ಲಿದ್ದೆ.

ಹೆಂಗಸರು ಅಷ್ಟು ಹೊತ್ತೂ ಶಾಪ ಹಾಕಿದರು. ಕೊಯ್ದು ಮುಗಿದದ್ದೇ ಮುಂದೆ ಬಂದು ಬಿದ್ದ ಕಡ್ಡಿಗಳನ್ನು ಆರಿಸಿಕೊಂಡರು, ಅಮ್ಮನ ಪ್ರಸಾದವಂತೆ, ತಮ್ಮ ತಮ್ಮ ಹಿತ್ತಿಲಲ್ಲಿ ನೆಡಲಿಕ್ಕೆ. ಸತ್ತ ಗಿಡದ ಕಡ್ಡಿಗಳಿಗೇ ಜಗಳ, ಅವು ಸೀರೆ ಉಟ್ಟಿದ್ದವಲ್ಲ. ಜೀವವಿದ್ದ ಏಳರ ಕಡ್ಡಿಗಳನ್ನು ಯಾರೂ ಮುಟ್ಟಲಿಲ್ಲ. ಹೇಳಿ ನೋಡಿದೆ. "ಆ ಕಡ್ಡಿ ಸತ್ತಿದೆ, ಇದು ತಗೊಳ್ಳಿ." ಒಬ್ಬಳು ಕಡ್ಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಒಳ್ಳೇದು ನಿನಗೇ ಉಳಿಸಿಕೊಳ್ತೀಯಾ?" ಅಂದಳು. ಅದನ್ನು ಅವಳು ತಲೆಕೆಳಗಾಗಿ ಹಿಡಿದಿದ್ದಳು.

ಅಂದಿನಿಂದ ಊರಲ್ಲಿ ನನಗೆ ಬೇರೆ ಹೆಸರಾಯಿತು. ಅತ್ತೆಯನ್ನು ಎರಡನೆಯ ಸಲ ಕೊಂದವಳು. ಎರಡು ಗಿಡ ಸತ್ತದ್ದು ಕತ್ತಿಯಿಂದ ಎಂದು ಇಂದಿಗೂ ಹೇಳುತ್ತಾರೆ. ಏಳು ಬದುಕಿದ್ದು ಯಾವುದರಿಂದ ಎಂದು ಯಾರೂ ಕೇಳಿಲ್ಲ. ಭಾವ ಮಾತ್ರ ಚಪ್ಪಡಿಯನ್ನು ಮತ್ತೆ ಎತ್ತಲಿಲ್ಲ. ಸೀರೆ ಬಿಚ್ಚಿದ ಮೇಲೆ ಅವನಿಗೆ ಆ ತೋಡಿನಲ್ಲಿ ಆಸಕ್ತಿ ಹೋಗಿತ್ತು.

ಮರುತಿಂಗಳು ತೈಯಲ್ಲಿ ಕಣ್ಣೊಡೆಯಿತು, ಕೆಂಪಗೆ ಎಳೆ ಚಿಗುರು. ಮಾಸಿಯಲ್ಲಿ ಗಿಡ ತುಂಬಿತು. ಪಂಗುಣಿಯ ಮೊದಲ ವಾರ ಮೊಗ್ಗು ಕಂಡಿತು. ಮೊದಲು ಬಿಡಿಸಿದ್ದನ್ನು ಒದ್ದೆ ಬಾಳೆಪಟ್ಟೆಯಲ್ಲಿ ಕಟ್ಟಿ, ತೇವಾರಂಗೆ ಹೋಗುವ ಗಾಡಿಯಲ್ಲಿ ಚಿಕ್ಕತ್ತೆಗೆ ಕಳಿಸಿದೆ. ಅಳತೆ ಕಡಮೆಯಾಯಿತು ಎಂದು ಗಾಡಿಯವನ ಕೈಲಿ ಹೇಳಿ ಕಳಿಸಿದಳು. ಎರಡನೆಯ ದಿನ ಇನ್ನೂ ಹೆಚ್ಚು. ಮೂರನೆಯ ದಿನ ಬುಟ್ಟಿ ತುಂಬಿ ಮಿಕ್ಕಿತು. ಬುಟ್ಟಿಯನ್ನು ಜಗಲಿಯ ಮೇಲಿಟ್ಟುಕೊಂಡು ಕುಳಿತಾಗ ಇದನ್ನು ಏನು ಮಾಡುವುದು ಎಂಬ ಪ್ರಶ್ನೆ ನನಗೆ ಎದುರಾಯಿತು. ಸೂತಕದ ವರ್ಷ ಮನೆಯ ಹೆಂಗಸರು ಹೂ ಮುಡಿಯುವಂತಿಲ್ಲ. ಸಾವಾದ ಮನೆಯ ಹೂವು ಗುಡಿಗೂ ಸಲ್ಲುವುದಿಲ್ಲ, ಊರ ಹೆಂಗಸರಿಗೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅಷ್ಟೆಲ್ಲ ಜಗಳವಾಡಿ ಉಳಿಸಿದ ಗಿಡದ ಹೂವಿಗೆ ಆ ವರ್ಷ ಹೋಗಲು ಜಾಗವೇ ಇರಲಿಲ್ಲ. ಬಿಡಿಸದೆ ಬಿಡುವ ಹಾಗೂ ಇಲ್ಲ, ಬಿಡಿಸದ ಗಿಡ ಮುಂದೆ ಬಿಡುವುದಿಲ್ಲ. ದಿನವೂ ಬಿಡಿಸಿದೆ. ದಿನವೂ ಕಸದ ಗುಂಡಿಗೆ ಸುರಿದೆ. ಗೊಬ್ಬರದ ಗುಂಡಿ ಮದುವೆ ಮನೆಯ ಹಾಗೆ ವಾಸನೆ ಬೀರುತ್ತಿತ್ತು, ಬೀದಿಯಲ್ಲಿ ಹೋಗುವವರು ಮೂಗೆತ್ತಿ ನೋಡುತ್ತಿದ್ದರು. ನನಗೇನೂ ಅನ್ನಿಸಲಿಲ್ಲ. ಕೆಲಸ ಆಗಿತ್ತು.

ಚಿತ್ತಿರೈಯ ಒಂದು ಮಧ್ಯಾಹ್ನ ಓರಗಿತ್ತಿ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಅಷ್ಟು ಬಿಸಿಲಲ್ಲಿ ತಲೆ ತುಂಬ ಸೆರಗು ಹೊದ್ದಿದ್ದಳು. ಹಗ್ಗ ಎಳೆಯುವಾಗ ಸೆರಗು ಜಾರಿತು. ತುರುಬಿನ ಕೆಳಗೆ, ಕತ್ತಿನ ಮೇಲೆ, ದಾರದಲ್ಲಿ ಕಟ್ಟಿದ ಹತ್ತು ಹನ್ನೆರಡು ಮೊಗ್ಗು. ಅವಳು ತಿರುಗಿ ನನ್ನನ್ನು ಕಂಡಳು. ಬಿಂದಿಗೆ ಬಾವಿಕಟ್ಟೆಗೆ ತಾಕಿತು.

ನಾನು ಒಂದು ಮಾತು ಬೀದಿಯಲ್ಲಿ ಹೇಳಿದ್ದರೆ ಸಾಕಿತ್ತು. ಸೂತಕದಲ್ಲಿ ಹೂ ಮುಡಿದವಳು, ಅದೂ ಅಮ್ಮನ ಮೈಯಿಂದ ಕಿತ್ತದ್ದು. ಆ ಮಾತಿಗಾಗಿ ನಾನು ನಾಲ್ಕು ತಿಂಗಳು ಕಾದಿದ್ದೆ ಎಂದರೂ ತಪ್ಪಿಲ್ಲ. ಹತ್ತಿರ ಹೋಗಿ ಅವಳ ಕತ್ತು ತಿರುಗಿಸಿ ನೋಡಿದೆ. ಅರ್ಧ ಮೊಗ್ಗಿಗೆ ತೊಟ್ಟೇ ಇರಲಿಲ್ಲ. ಉಳಿದವು ಆಗಲೇ ಕೆಂಪಾಗಿ ಬಾಡಿದ್ದವು.

"ಯಾವಾಗ ಕಿತ್ತೆ?"

"ಈಗ... ಈಗ ತಾನೆ."

"ಈ ಉರಿಬಿಸಿಲಲ್ಲಾ? ಉಗುರು ಹಾಕಿ ಎಳೆದಿದ್ದೀಯ. ತೊಟ್ಟಿನ ಜೊತೆ ಪಕ್ಕದ ಎಳೆಮೊಗ್ಗೂ ಬಂದಿದೆ ನೋಡು. ಕತ್ತೆ ಮೇದ ಹಾಗೆ ಇದೆ."

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ನಾಳೆ ಬಿಸಿಲೇರೋಕೆ ಮುಂಚೆ ಬಾ. ಹೇಗೆ ಕೀಳೋದು ತೋರಿಸ್ತೀನಿ. ಹೇಗಿದ್ದರೂ ಗುಂಡಿಗೆ ಸುರಿಯೋದು, ಮುಡಿಯೋದಾದರೆ ಬಾಗಿಲು ಹಾಕ್ಕೊಂಡು ಮುಡಿ."

ಬಂದಳು. ಮರುದಿನ ಬಂದಳು, ಅದರ ಮರುದಿನವೂ ಬಂದಳು. ನಾವು ಅತ್ತೆಯ ವಿಷಯ ಮಾತಾಡಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ತೊಟ್ಟನ್ನು ಹಿಡಿದು ಮೇಲಕ್ಕೆ ತಿರುಚಬೇಕು, ಎಳೆಯಬಾರದು. ಇಷ್ಟೇ ಕೆಲಸ. ಅವಳಿಗೆ ಬರಲಿಲ್ಲ. ಇನ್ನೂ ಬಂದಿಲ್ಲ. ದಿನಾ ಬೈಯುತ್ತೇನೆ, ದಿನಾ ಬರುತ್ತಾಳೆ.